ಯುದ್ಧಕಾಲದಲ್ಲಿ ವಾಯುಪಡೆಯ ಶ್ರಮವನ್ನೂ ದಕ್ಷತೆಯನ್ನೂ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಸಿಸಿ ವಾಯುದಳದ ಕೆಡೆಟ್‌ಗಳು, ಎನ್‌ಡಿಎ ಮತ್ತು ಎಎಫ್‌ಕ್ಯಾಟ್ ಪರೀಕ್ಷೆಗೆ ಓದುತ್ತಿರುವವರು, ಮಾನಸಗಂಗೋತ್ರಿಯಲ್ಲಿ ಇತಿಹಾಸವನ್ನೋ ಸಂಖ್ಯಾಶಾಸ್ತ್ರವನ್ನೋ ಕಲಿಯುತ್ತಿರುವವರು, ಸೇನೆಯಿಂದ ನಿವೃತ್ತರಾಗಿ ಮೈಸೂರು ಮತ್ತು ಮಂಡ್ಯದಲ್ಲಿ ನೆಲೆಸಿದವರು: ಇವರೊಡನೆ ವಾಯುಯುದ್ಧದ ವಿಚಾರ ಬಂದಾಗಲೆಲ್ಲ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಯುದ್ಧ ನಡೆಯುತ್ತಿರುವಾಗ ಪ್ರಕಟವಾಗುವ ಅಂಕಿಗಳಲ್ಲಿ ಬಹುಪಾಲು, ವಾಯುಪಡೆ ಎಷ್ಟು ದುಡಿಯಿತು ಎಂಬುದನ್ನು ತಿಳಿಸುತ್ತವೆ. ಆ ದುಡಿಮೆಯಿಂದ ಎದುರಾಳಿಗೆ ಏನಾಯಿತು ಎಂಬುದನ್ನು ತಿಳಿಸುವ ಅಂಕಿಗಳು ತಡವಾಗಿ, ಬಹಳ ಕಷ್ಟದಿಂದ, ಎಷ್ಟೋ ವೇಳೆ ಎದುರಾಳಿಯ ದಾಖಲೆಗಳಿಂದಲೇ ದೊರೆಯುತ್ತವೆ. ಈ ಎರಡನ್ನು ಬೆರೆಸಿದ್ದರಿಂದ ಎಷ್ಟೋ ಜೀವಗಳು ವ್ಯರ್ಥವಾಗಿ ಹೋಗಿವೆ ಎಂಬ ಕಾರಣಕ್ಕೇ ಈ ವಿಷಯವನ್ನು ಎಚ್ಚರದಿಂದ ಓದಬೇಕು ಎಂದು ನಾನು ಭಾವಿಸುತ್ತೇನೆ.

ಸಾರ್ಟಿ ಎಂದರೇನು? ಎಲ್ಲರೂ ಅದನ್ನೇ ಏಕೆ ಎಣಿಸುತ್ತಾರೆ?

ಒಂದು ವಿಮಾನ ಒಂದು ಕೆಲಸಕ್ಕಾಗಿ ನೆಲ ಬಿಟ್ಟು ಮೇಲೇರಿ ಮತ್ತೆ ನೆಲ ಮುಟ್ಟುವವರೆಗಿನ ಹಾರಾಟವನ್ನು ಒಂದು ಸಾರ್ಟಿ ಎನ್ನುತ್ತಾರೆ. ನಾಲ್ಕು ವಿಮಾನಗಳು ಒಟ್ಟಾಗಿ ಒಂದೇ ಗುರಿಯ ಮೇಲೆ ದಾಳಿ ಮಾಡಿ ಬಂದರೆ ಕಾರ್ಯಾಚರಣೆ ಒಂದೇ ಆದರೂ ಸಾರ್ಟಿಗಳು ನಾಲ್ಕು. ಪ್ರತಿ ವಾಯುನೆಲೆಯಲ್ಲೂ ಮೇಲೇರಿದ ಮತ್ತು ಇಳಿದ ಹೊತ್ತನ್ನು ಬರೆದಿಡುವುದರಿಂದ ಈ ಲೆಕ್ಕ ತಪ್ಪುವ ಸಾಧ್ಯತೆ ಕಡಿಮೆ; ಅದರ ಜನಪ್ರಿಯತೆಗೆ ಮುಖ್ಯ ಕಾರಣವೂ ಇದೇ.

ಆದರೆ ಸಾರ್ಟಿಗಳೆಲ್ಲ ಒಂದೇ ಬಗೆಯವಲ್ಲ. ದಾಳಿ, ಬೆಂಗಾವಲು, ಗಸ್ತು, ವಿಚಕ್ಷಣೆ, ಆಕಾಶದಲ್ಲೇ ಇಂಧನ ತುಂಬುವುದು, ಸರಕು ಸಾಗಾಟ, ಗಾಯಾಳುಗಳ ರವಾನೆ, ಎಲ್ಲವೂ ಆ ಒಟ್ಟು ಸಂಖ್ಯೆಯೊಳಗೆ ಸೇರಿರುತ್ತವೆ. 1999ರಲ್ಲಿ ಕೊಸೊವೊ ವಿಚಾರವಾಗಿ ಯುಗೊಸ್ಲಾವಿಯದ ಮೇಲೆ ನ್ಯಾಟೋ 78 ದಿನ ನಡೆಸಿದ ವಾಯು ಕಾರ್ಯಾಚರಣೆಯಲ್ಲಿ ಸುಮಾರು 38,000 ಸಾರ್ಟಿಗಳು ನಡೆದವು. ಅವುಗಳಲ್ಲಿ ದಾಳಿಯ ಸಾರ್ಟಿಗಳು ಸುಮಾರು 10,500 ಮಾತ್ರ. ಉಳಿದವು ದಾಳಿ ಸಾಧ್ಯವಾಗುವಂತೆ ಮಾಡಿದ ಹಾರಾಟಗಳು. ಒಟ್ಟು ಸಂಖ್ಯೆಯನ್ನಷ್ಟೇ ಓದಿ ಅಷ್ಟು ಬಾರಿ ಬಾಂಬ್ ಬಿತ್ತೆಂದು ತಿಳಿಯುವುದು ತಪ್ಪಾಗುತ್ತದೆ.

ಶ್ರಮವನ್ನು ಅಳೆಯಲು ಸಾರ್ಟಿ ಬಿಟ್ಟರೆ ಬೇರೆ ಯಾವ ಮಾಪನಗಳಿವೆ?

ಹಾರಾಟದ ಗಂಟೆಗಳು, ಹಾಕಿದ ಬಾಂಬುಗಳ ತೂಕ, ಸಾಗಿಸಿದ ಸರಕಿನ ಟನ್, ಸುಟ್ಟ ಇಂಧನ, ನೆಲಸಿಬ್ಬಂದಿಯ ದುಡಿಮೆಯ ಗಂಟೆ ಇವೆಲ್ಲ ಬಳಕೆಯಲ್ಲಿವೆ. ಇವುಗಳಿಗಿಂತ ಹೆಚ್ಚು ತಿಳಿಸಬಲ್ಲದ್ದು ಶ್ರಮದ ಹಂಚಿಕೆ. ಒಟ್ಟು ಸಾರ್ಟಿಗಳಲ್ಲಿ ಎದುರಾಳಿಯ ವಾಯುನೆಲೆಗಳಿಗೆ ಎಷ್ಟು ಪಾಲು ಹೋಯಿತು, ಭೂಸೇನೆಯ ನೆರವಿಗೆ ಎಷ್ಟು, ಸೇತುವೆ ಮತ್ತು ರೈಲುಮಾರ್ಗಗಳಿಗೆ ಎಷ್ಟು ಎಂದು ವಾರವಾರವೂ ನೋಡಿದರೆ ಸೇನಾನಾಯಕನ ಮನಸ್ಸಿನಲ್ಲಿದ್ದ ಯುದ್ಧದ ಯೋಜನೆ ಕಣ್ಣಿಗೆ ಕಾಣುತ್ತದೆ. ಭಾಷಣದಲ್ಲಿ ಯಾವುದಕ್ಕೆ ಆದ್ಯತೆ ಎಂದು ಹೇಳಿದರೋ ಅದಕ್ಕೆ ಸಾರ್ಟಿಗಳಲ್ಲಿ ಪಾಲು ಸಿಕ್ಕಿರದಿದ್ದರೆ, ನಾನು ಸಾರ್ಟಿಯ ಲೆಕ್ಕವನ್ನೇ ನಂಬುತ್ತೇನೆ.

ಶ್ರಮ, ದಕ್ಷತೆ, ಪರಿಣಾಮ: ಇವು ಬೇರೆ ಬೇರೆಯೇ?

ಖಂಡಿತವಾಗಿಯೂ ಬೇರೆ. ಮಂಡ್ಯದ ಓದುಗರಿಗೆ ಕಬ್ಬಿನ ಲೆಕ್ಕದಿಂದ ಇದನ್ನು ವಿವರಿಸಬಹುದು. ಕಾರ್ಖಾನೆಯ ಅಂಗಳಕ್ಕೆ ಬಂದ ಗಾಡಿ, ಲಾರಿಗಳ ಸಂಖ್ಯೆ ಒಂದು ಲೆಕ್ಕ. ನುರಿಸಿದ ಕಬ್ಬಿಗೆ ಶೇಕಡಾ ಎಷ್ಟು ಸಕ್ಕರೆ ಇಳುವರಿ ಬಂತು ಎಂಬುದು ಇನ್ನೊಂದು. ಆ ಹಂಗಾಮಿನ ಕೊನೆಗೆ ರೈತನ ಸಾಲ ತೀರಿತೇ ಎಂಬುದು ಮೂರನೆಯದು. ವಾಯುಯುದ್ಧದಲ್ಲಿ ಸಾರ್ಟಿಗಳ ಸಂಖ್ಯೆ ಮೊದಲನೆಯದಕ್ಕೆ ಸಮ. ಪ್ರತಿ ಸಾರ್ಟಿಗೆ, ಪ್ರತಿ ಟನ್ ಬಾಂಬಿಗೆ, ಕಳೆದುಕೊಂಡ ಪ್ರತಿ ವಿಮಾನಕ್ಕೆ ಎಷ್ಟು ಗುರಿಗಳು ನಾಶವಾದವು ಎಂಬುದು ದಕ್ಷತೆ. ಆ ನಾಶದಿಂದ ಎದುರಾಳಿಯ ಸೇನೆಯ ಚಲನೆ ನಿಂತಿತೇ, ಅವನ ನಿರ್ಧಾರ ಬದಲಾಯಿತೇ ಎಂಬುದು ಪರಿಣಾಮ. ಮೊದಲನೆಯದನ್ನು ಅದೇ ಸಂಜೆ ಎಣಿಸಬಹುದು, ಎರಡನೆಯದಕ್ಕೆ ಛಾಯಾಚಿತ್ರ ಮತ್ತು ಗಣಿತ ಬೇಕು. ಮೂರನೆಯದಕ್ಕೆ ಯುದ್ಧ ಮುಗಿಯುವವರೆಗೆ, ಕೆಲವೊಮ್ಮೆ ದಶಕಗಳವರೆಗೆ ಕಾಯಬೇಕಾಗುತ್ತದೆ.

ಒಂದು ವಿಮಾನ ದಿನಕ್ಕೆ ಎಷ್ಟು ಸಾರ್ಟಿ ಮಾಡಬಲ್ಲದು? ಅದನ್ನು ನಿರ್ಧರಿಸುವವರು ಯಾರು?

ಪೈಲಟ್‌ಗಿಂತ ಹೆಚ್ಚಾಗಿ ನೆಲಸಿಬ್ಬಂದಿ. ಇಳಿದ ವಿಮಾನಕ್ಕೆ ಇಂಧನ ತುಂಬಿ, ಮದ್ದುಗುಂಡು ಏರಿಸಿ, ಸಣ್ಣಪುಟ್ಟ ದೋಷ ಸರಿಪಡಿಸಿ ಮತ್ತೆ ಹಾರಿಸಲು ಹಿಡಿಯುವ ಹೊತ್ತೇ ಇಲ್ಲಿ ನಿರ್ಣಾಯಕ. 1967ರ ಜೂನ್ ಯುದ್ಧದಲ್ಲಿ ಇಸ್ರೇಲಿನ ನೆಲಸಿಬ್ಬಂದಿ ಈ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುವಷ್ಟು ಪಳಗಿದ್ದರಿಂದಲೇ, ಸಂಖ್ಯೆಯಲ್ಲಿ ಚಿಕ್ಕದಾದ ಆ ವಾಯುಪಡೆ ಮೊದಲ ದಿನ ತನ್ನ ಗಾತ್ರಕ್ಕೆ ಮೀರಿದ ಪೆಟ್ಟು ಕೊಟ್ಟಿತು. ಗುರಿ ಎಷ್ಟು ದೂರವಿದೆ, ಬಿಡಿಭಾಗಗಳ ದಾಸ್ತಾನು ಎಷ್ಟಿದೆ, ಪೈಲಟ್‌ಗಳಿಗೆ ನಿದ್ದೆ ಸಿಗುತ್ತಿದೆಯೇ ಎಂಬುವೂ ಲೆಕ್ಕಕ್ಕೆ ಬರುತ್ತವೆ. ಮೊದಲ ಮೂರು ದಿನದ ವೇಗವನ್ನು ಮೂವತ್ತನೆಯ ದಿನದವರೆಗೆ ಕಾಯ್ದುಕೊಳ್ಳಲು ಯಾವ ವಾಯುಪಡೆಗೂ ಸುಲಭವಲ್ಲ.

ನಿರ್ವಹಣೆಯ ವಿಚಾರದಲ್ಲಿ ಎರಡನೆಯ ಮಹಾಯುದ್ಧದ ಒಂದು ಪಾಠ ಬಹಳ ಮುಖ್ಯವಾದದ್ದು. ಬ್ರಿಟನ್ನಿನ ಕರಾವಳಿ ಕಾವಲಿನ ಸ್ಕ್ವಾಡ್ರನ್‌ಗಳಲ್ಲಿ ಹೆಚ್ಚು ವಿಮಾನಗಳು ಸದಾ ಹಾರಲು ಸಿದ್ಧವಾಗಿರಬೇಕು ಎಂಬುದೇ ದಕ್ಷತೆಯ ಗುರುತಾಗಿತ್ತು. ಸೆಸಿಲ್ ಗಾರ್ಡನ್ ಎಂಬ ವಿಜ್ಞಾನಿ ಈ ಲೆಕ್ಕವನ್ನೇ ಪ್ರಶ್ನಿಸಿದರು. ಹೆಚ್ಚು ಹಾರಿದ ವಿಮಾನ ಹೆಚ್ಚು ರಿಪೇರಿಗೆ ಬರುತ್ತದೆ. ಎಲ್ಲ ವಿಮಾನಗಳೂ ಸಿದ್ಧವಾಗಿ ನಿಂತಿವೆ ಎಂದರೆ ಅವು ಹಾರುತ್ತಿಲ್ಲ ಎಂದೂ ಅರ್ಥವಾಗಬಹುದು. ರಿಪೇರಿ ಸಿಬ್ಬಂದಿಯ ದುಡಿಮೆ ಒಂದು ಗಂಟೆಯೂ ವ್ಯರ್ಥವಾಗದಂತೆ ಹಾರಾಟವನ್ನೂ ನಿರ್ವಹಣೆಯನ್ನೂ ಒಟ್ಟಿಗೆ ಯೋಜಿಸಿದಾಗ, ಅಷ್ಟೇ ಜನ, ಅಷ್ಟೇ ವಿಮಾನಗಳಿಂದ ಹಾರಾಟದ ಗಂಟೆಗಳು ಗಣನೀಯವಾಗಿ ಏರಿದವು. ತಪ್ಪು ಮಾಪನವನ್ನು ಗುರಿಯಾಗಿಟ್ಟರೆ ಶ್ರದ್ಧೆಯಿಂದ ದುಡಿಯುವವರೂ ತಪ್ಪು ದಿಕ್ಕಿನಲ್ಲಿ ದುಡಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಹಳೆಯ ಮೈಸೂರು ಸಂಸ್ಥಾನಕ್ಕೂ ಈ ವಿಷಯಕ್ಕೂ ಏನಾದರೂ ಸಂಬಂಧವಿದೆಯೇ?

ಇದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದೊಂದಿಗೆ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಆರಂಭಿಸಿದರು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಗಿ, ಭಾರತ, ಬರ್ಮಾ, ಚೀನಾ ರಂಗದಲ್ಲಿ ಹಾರುತ್ತಿದ್ದ ವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಯಿತು. ಇಂಥ ಕಾರ್ಖಾನೆಗಳಿಂದ ಹೊರಬಂದ ವಿಮಾನಗಳ ಸಂಖ್ಯೆಯೂ ವಾಯುಪಡೆಯ ಶ್ರಮದ ಭಾಗವೇ; ಯುದ್ಧದ ಕಥೆಗಳಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ.

ಅದೇ ರಂಗದಲ್ಲಿ ಅಸ್ಸಾಮಿನ ನೆಲೆಗಳಿಂದ ಹಿಮಾಲಯದ ಮೇಲಿಂದ ಚೀನಾಕ್ಕೆ ನಡೆದ ಸರಕು ಸಾಗಾಟವನ್ನೂ ಇಲ್ಲಿ ನೆನೆಯಬೇಕು. 1942ರಿಂದ 1945ರವರೆಗೆ ಸುಮಾರು 6,50,000 ಟನ್ ಸರಕು ಆ ದಾರಿಯಲ್ಲಿ ಹೋಯಿತು. ಆರಂಭದಲ್ಲಿ ಟನ್ ಒಂದನ್ನೇ ಲೆಕ್ಕ ಹಾಕುತ್ತಿದ್ದುದರಿಂದ ಅಪಘಾತಗಳು ವಿಪರೀತವಾಗಿದ್ದವು. 1944ರ ಸೆಪ್ಟೆಂಬರಿನಲ್ಲಿ ಹೊಣೆ ವಹಿಸಿಕೊಂಡ ವಿಲಿಯಂ ಟನ್ನರ್ ಟನ್ ಜೊತೆಗೆ ಸಾವಿರ ಹಾರಾಟ ಗಂಟೆಗಳಿಗೆ ಎಷ್ಟು ಅಪಘಾತ ಎಂಬ ಲೆಕ್ಕಕ್ಕೂ ಸಮಾನ ಮಹತ್ವ ಕೊಟ್ಟರು. 1944ರ ಜನವರಿಯಲ್ಲಿ ಸುಮಾರು 2 ಇದ್ದ ಆ ಪ್ರಮಾಣ 1945ರ ಜನವರಿಯ ಹೊತ್ತಿಗೆ ಸುಮಾರು 0.3ಕ್ಕೆ ಇಳಿಯಿತು, ಸಾಗಿಸಿದ ಸರಕು ಮಾತ್ರ ಏರುತ್ತಲೇ ಹೋಯಿತು.

ಹಾಕಿದ ಬಾಂಬುಗಳ ತೂಕದಿಂದ ಯಶಸ್ಸನ್ನು ಅಳೆಯಬಹುದೇ?

ಅಳೆಯಬಾರದು. ಅಳೆದವರು ಎಷ್ಟು ತಪ್ಪಿದರು ಎಂಬುದಕ್ಕೆ 1941ರ ಬಟ್ ವರದಿ ಸಾಕ್ಷಿ. ಜರ್ಮನಿಯ ಮೇಲೆ ರಾತ್ರಿ ದಾಳಿ ಮಾಡಿ ಬಂದ ಬ್ರಿಟಿಷ್ ಬಾಂಬರ್‌ಗಳು ತೆಗೆದಿದ್ದ ಆರುನೂರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಡೇವಿಡ್ ಬೆನ್‌ಸುಸಾನ್ ಬಟ್ ಎಂಬ ಅಧಿಕಾರಿ ಪರಿಶೀಲಿಸಿದರು. ಗುರಿಯ ಮೇಲೆ ದಾಳಿ ಮಾಡಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯಿಂದ ಐದು ಮೈಲಿಯೊಳಗೆ ತಲುಪಿತ್ತು. ಹೊಗೆ ಮುಸುಕಿದ ರೂರ್ ಕೈಗಾರಿಕಾ ಪ್ರದೇಶದಲ್ಲಿ ಹತ್ತರಲ್ಲಿ ಒಂದು. ಅಲ್ಲಿಯವರೆಗೆ ಸಿಬ್ಬಂದಿಯ ಮಾತನ್ನೇ ಆಧರಿಸಿ ಯಶಸ್ಸಿನ ವರದಿಗಳು ಮೇಲಕ್ಕೆ ಹೋಗುತ್ತಿದ್ದವು. ಆ ಹುಡುಗರು ಸುಳ್ಳು ಹೇಳಿದರೆಂದು ನಾನು ಎಣಿಸುವುದಿಲ್ಲ. ಕತ್ತಲಲ್ಲಿ, ಮೋಡದ ಮೇಲೆ, ಗುಂಡಿನ ಮಳೆಯ ನಡುವೆ ತಾವು ಎಲ್ಲಿದ್ದೇವೆ ಎಂಬುದೇ ಅವರಿಗೆ ತಿಳಿಯುವಂತಿರಲಿಲ್ಲ. ಕೇಳಿದ್ದನ್ನು ಪರೀಕ್ಷಿಸದೆ ಒಪ್ಪಿಕೊಂಡ ಮೇಲಧಿಕಾರಿಗಳ ಹೊಣೆ ದೊಡ್ಡದು.

ಲೆಕ್ಕವೇ ಗುರಿಯಾದಾಗ ಆಗುವ ಅನಾಹುತಕ್ಕೆ ವಿಯೆಟ್ನಾಂ ಯುದ್ಧ ಇನ್ನೊಂದು ಉದಾಹರಣೆ. ಅಮೆರಿಕದ ವಾಯುಪಡೆಯೂ ನೌಕಾಪಡೆಯೂ ಸಾರ್ಟಿಗಳ ಸಂಖ್ಯೆಯಲ್ಲಿ ಪರಸ್ಪರ ಪೈಪೋಟಿಗೆ ಬಿದ್ದಿದ್ದವು. 1966ರಲ್ಲಿ ಬಾಂಬುಗಳ ಕೊರತೆಯಾದಾಗ ಸಂಖ್ಯೆ ಇಳಿಯಬಾರದೆಂದು ಅರೆಬರೆ ಹೊರೆಯೊಂದಿಗೆ ವಿಮಾನಗಳನ್ನು ಕಳಿಸಿದರು. ಒಂದು ವಿಮಾನ ಮಾಡಬಹುದಾದ ಕೆಲಸಕ್ಕೆ ಎರಡು ವಿಮಾನ ಹೋದರೆ ಸಾರ್ಟಿ ಎರಡಾಗುತ್ತದೆ, ಅಪಾಯಕ್ಕೆ ಒಡ್ಡಿಕೊಳ್ಳುವ ಪೈಲಟ್‌ಗಳೂ ಇಮ್ಮಡಿಯಾಗುತ್ತಾರೆ, ಕೆಳಗೆ ಆಗುವ ಹಾನಿ ಮಾತ್ರ ಅಷ್ಟೇ.

ನಿಖರತೆಯನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಒಂದೇ ಬಗೆಯ ಬಾಂಬನ್ನು ಒಂದೇ ಬಿಂದುವಿಗೆ ಗುರಿಯಿಟ್ಟು ಅನೇಕ ಬಾರಿ ಹಾಕಿದಾಗ, ಅರ್ಧದಷ್ಟು ಬಾಂಬುಗಳು ಎಷ್ಟು ತ್ರಿಜ್ಯದ ವೃತ್ತದೊಳಗೆ ಬೀಳುತ್ತವೋ ಆ ತ್ರಿಜ್ಯವನ್ನು ಅಳತೆಯಾಗಿ ತೆಗೆದುಕೊಳ್ಳುತ್ತಾರೆ. ಅದನ್ನು ಇಲ್ಲಿ ಅರ್ಧಪಾಲಿನ ತ್ರಿಜ್ಯ ಎಂದು ಕರೆಯೋಣ. ಗುರಿಯನ್ನು ನಾಶ ಮಾಡಲು ಬಾಂಬು 20 ಮೀಟರ್ ಒಳಗೆ ಬೀಳಬೇಕು ಎಂದಿಟ್ಟುಕೊಳ್ಳಿ. ಅರ್ಧಪಾಲಿನ ತ್ರಿಜ್ಯ 100 ಮೀಟರ್ ಇದ್ದರೆ ಒಂದು ಬಾಂಬು ಗುರಿ ಮುಟ್ಟುವ ಸಂಭವ ಶೇಕಡಾ 3ಕ್ಕೂ ಕಡಿಮೆ. ಶೇಕಡಾ 90ರಷ್ಟು ಭರವಸೆ ಬೇಕಾದರೆ 84 ಬಾಂಬುಗಳು ಬೇಕು. ತ್ರಿಜ್ಯವನ್ನು 50 ಮೀಟರಿಗೆ ಇಳಿಸಿದರೆ 21 ಸಾಕು. 10 ಮೀಟರಿಗೆ ಇಳಿಸಿದರೆ ಒಂದೇ ಬಾಂಬಿನ ಸಂಭವ ಶೇಕಡಾ 94ರ ಹತ್ತಿರ ಬರುತ್ತದೆ. ತಪ್ಪು ಅರ್ಧವಾದರೆ ಬೇಕಾಗುವ ಬಾಂಬುಗಳು ಕಾಲುಭಾಗಕ್ಕೆ ಇಳಿಯುತ್ತವೆ ಎಂಬ ಈ ವರ್ಗ ಸಂಬಂಧವನ್ನು ಪಿಯುಸಿ ವಿದ್ಯಾರ್ಥಿಯೂ ಕ್ಯಾಲ್ಕುಲೇಟರಿನಲ್ಲಿ ಪರೀಕ್ಷಿಸಬಹುದು.

ಉತ್ತರ ವಿಯೆಟ್ನಾಮಿನ ಥಾನ್ ಹೋವಾ ಸೇತುವೆಯ ಕಥೆ ಈ ಗಣಿತದ ಪ್ರತ್ಯಕ್ಷ ರೂಪ. 1965ರ ಏಪ್ರಿಲ್ 3ರಂದು 79 ವಿಮಾನಗಳ ದೊಡ್ಡ ತಂಡವೇ ದಾಳಿ ಮಾಡಿದರೂ ಸೇತುವೆ ನಿಂತಿತ್ತು. ಮುಂದೆ ನೂರಾರು ಸಾರ್ಟಿಗಳು ನಡೆದವು, ಹಲವು ವಿಮಾನಗಳು ಉರುಳಿದವು, ಸೇತುವೆ ಬೀಳಲಿಲ್ಲ. 1972ರ ಮೇ 13ರಂದು ಲೇಸರ್ ನಿರ್ದೇಶಿತ ಬಾಂಬುಗಳನ್ನು ಹೊತ್ತ ಫ್ಯಾಂಟಮ್ ವಿಮಾನಗಳ ಒಂದು ಸಣ್ಣ ತಂಡ ಅದನ್ನು ಕೆಡವಿತು. ಏಳು ವರ್ಷದ ಶ್ರಮದ ಲೆಕ್ಕವನ್ನೂ ಆ ಒಂದು ದಿನದ ಲೆಕ್ಕವನ್ನೂ ಸಾರ್ಟಿಗಳಲ್ಲಿ ಬರೆದರೆ ಮೊದಲನೆಯದೇ ದೊಡ್ಡದು.

ವಿಮಾನ ನಷ್ಟದ ಪ್ರಮಾಣ ಶೇಕಡಾ ಎರಡು, ನಾಲ್ಕು ಎಂದರೆ ಅಷ್ಟೊಂದು ದೊಡ್ಡದೇ?

ಕೇಳಲು ಸಣ್ಣದು, ಅನುಭವಿಸುವವರಿಗೆ ಭೀಕರ. ಪ್ರತಿ ದಾಳಿಯಲ್ಲೂ ಶೇಕಡಾ 4ರಷ್ಟು ವಿಮಾನಗಳು ಮರಳದಿದ್ದರೆ, ಮೂವತ್ತು ದಾಳಿಗಳ ಸರದಿ ಮುಗಿಸುವ ಹೊತ್ತಿಗೆ ನೂರು ತಂಡಗಳಲ್ಲಿ ಉಳಿಯುವುದು ಸುಮಾರು 29. ಶೇಕಡಾ 2 ಆದರೆ ಸುಮಾರು 55. ಬ್ರಿಟನ್ನಿನ ಬಾಂಬರ್ ಪಡೆಯ ಸಿಬ್ಬಂದಿಗೆ ಒಂದು ಸರದಿ ಎಂದರೆ ಮೂವತ್ತು ದಾಳಿಗಳು. ಆ ಪಡೆಯ ಸುಮಾರು 1,25,000 ಹಾರಾಟ ಸಿಬ್ಬಂದಿಯಲ್ಲಿ 55,573 ಮಂದಿ ಯುದ್ಧದಲ್ಲಿ ತೀರಿಕೊಂಡರು. 1943ರ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫುರ್ಟ್ ಬಾಲ್ ಬೇರಿಂಗ್ ಕಾರ್ಖಾನೆಗಳ ಮೇಲೆ ಹೋದ 291 ಅಮೆರಿಕನ್ ಬಾಂಬರ್‌ಗಳಲ್ಲಿ 60 ಮರಳಲಿಲ್ಲ. ಐದರಲ್ಲಿ ಒಂದು ಎಂಬ ಈ ಪ್ರಮಾಣವನ್ನು ಯಾವ ಪಡೆಯೂ ಹೆಚ್ಚು ಕಾಲ ತಾಳಲಾರದು. ಬೆಂಗಾವಲಿಲ್ಲದೆ ಜರ್ಮನಿಯೊಳಗೆ ಅಷ್ಟು ದೂರ ಹೋಗುವ ದಾಳಿಗಳನ್ನು ಆಮೇಲೆ ನಿಲ್ಲಿಸಬೇಕಾಯಿತು.

ನಮ್ಮ 1965ರ ಯುದ್ಧದ ಅಂಕಿಗಳನ್ನೂ ನೋಡೋಣ. ರಕ್ಷಣಾ ಸಚಿವಾಲಯ ಸಿದ್ಧಪಡಿಸಿದ ಇತಿಹಾಸದ ಪ್ರಕಾರ ಭಾರತೀಯ ವಾಯುಪಡೆ 3,937 ಸಾರ್ಟಿಗಳನ್ನು ನಡೆಸಿ 59 ವಿಮಾನಗಳನ್ನು ಕಳೆದುಕೊಂಡಿತು; ಪಾಕಿಸ್ತಾನದ ವಾಯುಪಡೆ 2,364 ಸಾರ್ಟಿಗಳಲ್ಲಿ 43 ವಿಮಾನಗಳನ್ನು ಕಳೆದುಕೊಂಡಿತು. ಸಾರ್ಟಿಗೆ ಭಾಗಿಸಿದರೆ ನಮ್ಮದು ಶೇಕಡಾ 1.5, ಅವರದು ಶೇಕಡಾ 1.82. ಪಾಕಿಸ್ತಾನ ಹೇಳುವ ಅಂಕಿಗಳು ಬೇರೆ. ಅದು ಒತ್ತಟ್ಟಿಗಿರಲಿ, ಈ ಭಾಗಾಕಾರದಲ್ಲೇ ಒಂದು ತೊಡಕಿದೆ. ನಾವು ಕಳೆದುಕೊಂಡ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸೆಪ್ಟೆಂಬರ್ 6ರಂದು ಪಠಾಣ್‌ಕೋಟ್, 7ರಂದು ಕಲೈಕುಂಡದಂಥ ನೆಲೆಗಳಲ್ಲಿ ನೆಲದ ಮೇಲೆ ನಿಂತಿದ್ದಾಗಲೇ ನಾಶವಾದವು. ನೆಲದ ಮೇಲಿದ್ದ ವಿಮಾನದ ನಷ್ಟವನ್ನು ಹಾರಿದ ಸಾರ್ಟಿಗಳಿಂದ ಭಾಗಿಸಿದರೆ, ವಿಮಾನಗಳನ್ನು ಚದುರಿಸಿ ಮುಚ್ಚಿಡದ ಲೋಪ, ಮುನ್ಸೂಚನೆ ಸಿಗದ ಲೋಪ ಎಲ್ಲವೂ ಪೈಲಟ್‌ಗಳ ಖಾತೆಗೆ ಬೀಳುತ್ತವೆ. ಆಕಾಶದ ನಷ್ಟವನ್ನೂ ನೆಲದ ನಷ್ಟವನ್ನೂ ಬೇರೆ ಬೇರೆ ಕೋಷ್ಟಕಗಳಲ್ಲಿ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೊಡೆದುರುಳಿಸಿದ ವಿಮಾನಗಳ, ಟ್ಯಾಂಕುಗಳ ಬಗ್ಗೆ ಎರಡೂ ಕಡೆಯವರ ಹೇಳಿಕೆಗಳು ಏಕೆ ಹೊಂದುವುದಿಲ್ಲ?

ಪ್ರಚಾರದ ಉಬ್ಬರ ಒಂದು ಕಾರಣವಾದರೂ, ಪ್ರಾಮಾಣಿಕರ ನಡುವೆಯೂ ಲೆಕ್ಕ ಉಬ್ಬುತ್ತದೆ. 1940ರ ಸೆಪ್ಟೆಂಬರ್ 15ರಂದು ಇಂಗ್ಲೆಂಡಿನ ಮೇಲಿನ ಕಾಳಗದಲ್ಲಿ 185 ಜರ್ಮನ್ ವಿಮಾನಗಳನ್ನು ಉರುಳಿಸಿದೆವೆಂದು ಬ್ರಿಟನ್ ಘೋಷಿಸಿತು. ಜರ್ಮನಿಯ ದಾಖಲೆಗಳಿಂದ ತಿಳಿದದ್ದು ಸುಮಾರು 60. ಒಂದೇ ವಿಮಾನಕ್ಕೆ ಮೂವರು ಪೈಲಟ್‌ಗಳು ಗುಂಡು ಹಾರಿಸಿ, ಅದು ಹೊಗೆ ಉಗುಳುತ್ತ ಕೆಳಗಿಳಿಯುವುದನ್ನು ಮೂವರೂ ನೋಡಿ, ಮೂವರೂ ನಿಜವನ್ನೇ ಹೇಳಿದರೆ ಪುಸ್ತಕದಲ್ಲಿ ಮೂರು ವಿಮಾನಗಳಾಗುತ್ತವೆ. ಹೊಗೆ ಉಗುಳಿದ ವಿಮಾನ ತನ್ನ ನೆಲೆಗೆ ಹೋಗಿ ಇಳಿದಿರಲೂಬಹುದು.

ನೆಲದ ಗುರಿಗಳ ಲೆಕ್ಕ ಇನ್ನೂ ಕಷ್ಟ. ಉತ್ತರ ವಿಯೆಟ್ನಾಂ ದಕ್ಷಿಣಕ್ಕೆ ಸರಬರಾಜು ಕಳಿಸುತ್ತಿದ್ದ ಹೋ ಚಿ ಮಿನ್ ದಾರಿಯಲ್ಲಿ ನಾಶವಾದವೆಂದು ಅಮೆರಿಕದ ವರದಿಗಳು ಹೇಳಿದ ಲಾರಿಗಳ ಸಂಖ್ಯೆ, ಉತ್ತರ ವಿಯೆಟ್ನಾಮಿನ ಬಳಿ ಇದ್ದವೆಂದು ಗುಪ್ತಚರ ವಿಭಾಗ ಅಂದಾಜಿಸಿದ್ದ ಲಾರಿಗಳನ್ನೇ ಮೀರಿತ್ತು; ಲಾರಿಗಳು ಮಾತ್ರ ಓಡಾಡುತ್ತಲೇ ಇದ್ದವು. ಕೊಸೊವೊದಲ್ಲಿ ಸೆರ್ಬ್ ಸೇನೆ ಹುಸಿ ಟ್ಯಾಂಕುಗಳನ್ನು ನಿಲ್ಲಿಸಿ ಬಾಂಬುಗಳನ್ನು ಅತ್ತ ಸೆಳೆಯಿತು. ಯುದ್ಧ ನಿಂತ ಮೇಲೆ ನ್ಯಾಟೋ 93 ಟ್ಯಾಂಕುಗಳಿಗೆ ಪೆಟ್ಟು ಬಿದ್ದಿದೆ ಎಂದಿತು. ಸ್ಥಳಕ್ಕೆ ಹೋದ ತನಿಖಾ ತಂಡ ಕಂಡ ಟ್ಯಾಂಕ್ ಅವಶೇಷಗಳು 14 ಎಂಬ ವರದಿ 2000ದಲ್ಲಿ ಹೊರಬಂತು. ಹಾಳಾದ ಟ್ಯಾಂಕುಗಳನ್ನು ಎಳೆದೊಯ್ದಿರಬಹುದಾದ್ದರಿಂದ ಎರಡನೆಯ ಅಂಕಿಯೇ ಅಂತಿಮ ಸತ್ಯವೆಂದೂ ಹೇಳುವಂತಿಲ್ಲ.

ಹೇಳಿಕೆ ಕಡಿಮೆಯಾಗಿ, ನಿಜ ಹೆಚ್ಚಾಗಿದ್ದ ಉದಾಹರಣೆ ಇದೆಯೇ?

ನಮ್ಮ ನೆರೆಯ ಕೊಡಗಿನದೇ ಇದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನದಲ್ಲಿ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಹೋದರು. ಅವರದು ಕಾಯ್ದಿರಿಸಿದ ವಿಮಾನ. ತಂಡದ ಬೇರೆ ವಿಮಾನಕ್ಕೆ ತೊಂದರೆಯಾದರೆ ಮಾತ್ರ ಮುಂದೆ ಹೋಗಬೇಕಿತ್ತು. ಅವರು ಹೋದರು, ಮರಳಲಿಲ್ಲ. ನಮ್ಮ ಪುಸ್ತಕದಲ್ಲಿ ಅದು ಒಂದು ಸಾರ್ಟಿ, ಒಂದು ನಷ್ಟ, ಫಲ ಶೂನ್ಯ. ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಪಡೆದಿದ್ದ ವಿದೇಶಿ ಲೇಖಕರೊಬ್ಬರ ಬರವಣಿಗೆ 1979ರಲ್ಲಿ ಪ್ರಕಟವಾದಾಗಲೇ, ತನಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಒಂದನ್ನು ಆ ಮಿಸ್ಟೇರ್ ಉರುಳಿಸಿದ್ದು ಬೆಳಕಿಗೆ ಬಂತು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ದೊರೆಯಿತು.

ಗುಂಡು ಹಾರಿಸುವಾಗ ತಾನೇ ಚಿತ್ರ ತೆಗೆಯುವ ಗನ್ ಕ್ಯಾಮೆರಾದ ದಾಖಲೆಯೂ ಇಲ್ಲ, ಜೊತೆಗಾರನ ಸಾಕ್ಷ್ಯವೂ ಇಲ್ಲ. ಕಡೆಗೆ ಸಾಕ್ಷಿ ನುಡಿದದ್ದು ಎದುರಾಳಿಯ ಕಡೆಯವರೇ. ಆ ಇಪ್ಪತ್ತಮೂರು ವರ್ಷ ಅವರ ಮನೆಯವರು ಕಾದದ್ದನ್ನು ನೆನೆದಾಗ, ಯುದ್ಧದ ದಾಖಲೆಗಳನ್ನು ಎರಡೂ ದೇಶಗಳು ಸಂಶೋಧಕರಿಗೆ ಬೇಗ ತೆರೆಯಬೇಕೆಂದು ಒತ್ತಾಯಿಸಬೇಕೆನಿಸುತ್ತದೆ.

ಮರಳಿ ಬಂದ ವಿಮಾನಗಳ ಗುಂಡಿನ ತೂತುಗಳನ್ನು ಎಣಿಸಿದ ಗಣಿತಜ್ಞ ಯಾರು?

ಅಬ್ರಹಾಂ ವಾಲ್ಡ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಯುದ್ಧಕಾಲದ ಸಂಖ್ಯಾಶಾಸ್ತ್ರ ತಂಡದಲ್ಲಿ ಅವರಿದ್ದರು. ಪೆಟ್ಟು ತಿಂದೂ ಮರಳಿದ ವಿಮಾನಗಳಷ್ಟೇ ಎಣಿಕೆಗೆ ಸಿಗುತ್ತವೆ. ಎಂಜಿನ್‌ಗೆ ಪೆಟ್ಟು ಬಿದ್ದವು ಮರಳುವುದೇ ಇಲ್ಲವಾದ್ದರಿಂದ ಅಲ್ಲಿನ ತೂತುಗಳು ಕಡಿಮೆ ಕಾಣುತ್ತವೆ. ಕಾಣದ ವಿಮಾನಗಳ ಬಗ್ಗೆ ಕಂಡ ವಿಮಾನಗಳಿಂದ ಹೇಗೆ ಅಂದಾಜು ಮಾಡಬೇಕೆಂಬುದಕ್ಕೆ ವಾಲ್ಡ್ ಗಣಿತದ ವಿಧಾನವನ್ನು ರೂಪಿಸಿದರು. ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸಗಳಿಗಾಗಿ ಬಂದಿದ್ದ ಅವರು 1950ರ ಡಿಸೆಂಬರ್ 13ರಂದು, ಗುಂಡ್ಲುಪೇಟೆ ಬಂಡೀಪುರದ ಆಚೆಗೆ ಏಳುವ ನೀಲಗಿರಿ ಬೆಟ್ಟಗಳಲ್ಲಿ, ಪ್ರಯಾಣಿಕ ವಿಮಾನದ ಅಪಘಾತದಲ್ಲಿ ಪತ್ನಿಯೊಂದಿಗೆ ತೀರಿಕೊಂಡರು. ವಿಮಾನಗಳ ಸುರಕ್ಷತೆಗೆ ಇಷ್ಟು ಕೊಟ್ಟವರ ಕೊನೆಯ ನೆಲ ನಮ್ಮ ಊರಿಂದ ಅಷ್ಟೇನೂ ದೂರವಿಲ್ಲ ಎಂಬುದು ಇಲ್ಲಿನ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಕಡಿಮೆ ಸಾರ್ಟಿಗಳಿಂದ ದೊಡ್ಡ ಪರಿಣಾಮ ಸಾಧ್ಯವೇ?

ಗುರಿಯ ಆಯ್ಕೆ ಸರಿಯಿದ್ದರೆ ಸಾಧ್ಯ. 1971ರ ಡಿಸೆಂಬರಿನಲ್ಲಿ ಢಾಕಾದ ತೇಜ್‌ಗಾಂವ್ ನೆಲೆಯಲ್ಲಿದ್ದ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳನ್ನು ಒಂದೊಂದಾಗಿ ಬೇಟೆಯಾಡುವ ಬದಲು, ನಮ್ಮ ಮಿಗ್-21ಗಳು ರನ್‌ವೇಯನ್ನೇ ಬಾಂಬುಗಳಿಂದ ಕುಳಿಮಾಡಿದವು. ಉಳಿದ ಸೇಬರ್‌ಗಳು ಹಾಳಾಗದೆಯೂ ನಿರುಪಯುಕ್ತವಾದವು. ಪೂರ್ವದ ಆಕಾಶ ನಮ್ಮದಾಯಿತು. ನಾಶವಾದ ವಿಮಾನಗಳನ್ನಷ್ಟೇ ಎಣಿಸುವವನ ಕೋಷ್ಟಕದಲ್ಲಿ ಈ ಗೆಲುವಿಗೆ ಜಾಗವೇ ಇಲ್ಲ. ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ಕೆಲವೇ ವಿಮಾನಗಳು ನಡೆಸಿದ ರಾಕೆಟ್ ದಾಳಿಯ ನಡುವೆಯೇ ಗವರ್ನರ್ ಎ.ಎಂ. ಮಲಿಕ್ ರಾಜೀನಾಮೆ ಕೊಟ್ಟರು. ಎರಡು ದಿನದ ನಂತರ ಶರಣಾಗತಿ ನಡೆಯಿತು. ಅದಕ್ಕೆ ಢಾಕಾದತ್ತ ನುಗ್ಗುತ್ತಿದ್ದ ಭೂಸೇನೆಯೂ ಮುಕ್ತಿವಾಹಿನಿಯೂ ಕಾರಣವೆಂಬುದನ್ನು ಮರೆಯುವಂತಿಲ್ಲ.

ಜರ್ಮನಿಯಲ್ಲಿ ನಗರಗಳ ಮೇಲೆ ಲಕ್ಷಾಂತರ ಟನ್ ಬಾಂಬ್ ಬಿದ್ದರೂ ಶಸ್ತ್ರಾಸ್ತ್ರ ಉತ್ಪಾದನೆ 1944ರ ಮಧ್ಯದವರೆಗೆ ಏರುತ್ತಲೇ ಇತ್ತು. 1944ರ ಮೇ ತಿಂಗಳಿಂದ ಕೃತಕ ತೈಲದ ಕಾರ್ಖಾನೆಗಳನ್ನು ಗುರಿಯಾಗಿಸಿದ ಮೇಲೆ, ಏಪ್ರಿಲ್‌ನಲ್ಲಿ 1,75,000 ಟನ್ ಇದ್ದ ಅವುಗಳ ವಿಮಾನ ಇಂಧನದ ಉತ್ಪಾದನೆ ಜುಲೈನಲ್ಲಿ 30,000, ಸೆಪ್ಟೆಂಬರಿನಲ್ಲಿ 5,000 ಟನ್ನಿಗೆ ಕುಸಿಯಿತು. ಕಾರ್ಖಾನೆಯಲ್ಲಿ ತಯಾರಾದ ಹೊಸ ಯುದ್ಧವಿಮಾನಗಳು ಇಂಧನವಿಲ್ಲದೆ ನಿಂತವು. ತರಬೇತಿಗೂ ಇಂಧನ ಸಿಗದೆ ಹೊಸ ಪೈಲಟ್‌ಗಳು ಅರೆಕಲಿತೇ ಆಕಾಶಕ್ಕೇರಿದರು.

ಏನೂ ನಾಶವಾಗದಿದ್ದರೂ ಪರಿಣಾಮ ಇರಬಹುದೇ?

ಇರಬಹುದು. 1991ರ ಕೊಲ್ಲಿ ಯುದ್ಧದ 43 ದಿನಗಳಲ್ಲಿ ಮಿತ್ರಪಡೆಗಳು ಒಂದು ಲಕ್ಷಕ್ಕೂ ಹೆಚ್ಚು ಸಾರ್ಟಿ ನಡೆಸಿದವು. ಇರಾಕಿನ ಸ್ಕಡ್ ಕ್ಷಿಪಣಿಗಳ ಸಂಚಾರಿ ವಾಹನಗಳನ್ನು ಹುಡುಕಲು ಅವುಗಳಲ್ಲಿ ಗಣನೀಯ ಪಾಲು ಹೋಯಿತು. ಅಮೆರಿಕದ ವಾಯುಪಡೆಯೇ ಮಾಡಿಸಿದ ಯುದ್ಧೋತ್ತರ ಸಮೀಕ್ಷೆಗೆ ಅಂಥ ಒಂದು ವಾಹನವೂ ನಾಶವಾದದ್ದು ಖಚಿತಪಡಲಿಲ್ಲ. ಆದರೂ ಮೊದಲ ವಾರದ ನಂತರ ಕ್ಷಿಪಣಿ ಉಡಾವಣೆಗಳು ಕಡಿಮೆಯಾದವು. ಅಡಗುತ್ತ ಓಡಾಡಬೇಕಾದವರಿಗೆ ಉಡಾಯಿಸಲು ಬಿಡುವಾಗಲಿಲ್ಲ. ತನ್ನದೇ ವೈಫಲ್ಯವನ್ನು ಬರೆದು ಪ್ರಕಟಿಸಿದ ಆ ಸಮೀಕ್ಷೆಯ ಧೈರ್ಯ ನನಗೆ ಅನುಕರಣೀಯವಾಗಿ ಕಾಣುತ್ತದೆ.

ಕಾರ್ಗಿಲ್ ಕಾರ್ಯಾಚರಣೆಯನ್ನು ಹೇಗೆ ಅಳೆಯಬೇಕು?

1999ರ ಮೇ 26ರಂದು ಆರಂಭವಾದ ಸಫೇದ್ ಸಾಗರ್ ಕಾರ್ಯಾಚರಣೆಯಲ್ಲಿ ಎಲ್ಲ ಬಗೆಯವೂ ಸೇರಿ ಸುಮಾರು 5,000 ಸಾರ್ಟಿಗಳು ನಡೆದವು. ಗಡಿ ನಿಯಂತ್ರಣ ರೇಖೆ ದಾಟಕೂಡದೆಂಬ ಸರ್ಕಾರದ ಆಜ್ಞೆ, ಸಮುದ್ರಮಟ್ಟದಿಂದ 14ರಿಂದ 18 ಸಾವಿರ ಅಡಿ ಎತ್ತರದ ಶಿಖರಗಳಲ್ಲಿ ಕಲ್ಲುಗಳ ನಡುವೆ ಅಡಗಿದ ಪುಟ್ಟ ಗುರಿಗಳು, ತೆಳುಗಾಳಿಯಲ್ಲಿ ದಾರಿ ತಪ್ಪುವ ಬಾಂಬುಗಳು, ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು: ಇಷ್ಟೂ ತೊಡಕುಗಳು ಒಟ್ಟಿಗಿದ್ದವು. ಮೇ 27ರಂದು ಎರಡು ಮಿಗ್ ವಿಮಾನಗಳನ್ನೂ 28ರಂದು ಒಂದು ಎಂಐ-17 ಹೆಲಿಕಾಪ್ಟರನ್ನೂ ಕಳೆದುಕೊಂಡ ಮೇಲೆ ದಾಳಿಯ ಎತ್ತರವನ್ನು ಕ್ಷಿಪಣಿಗಳಿಗೆ ಎಟುಕದಷ್ಟು ಏರಿಸಿ, ಮಿರಾಜ್-2000 ವಿಮಾನಗಳನ್ನು ಕರೆತಂದರು. ಜೂನ್ 17ರಂದು ಮುಂಥೋ ಧಾಲೋದ ಸರಬರಾಜು ಶಿಬಿರ, 24ರಂದು ಟೈಗರ್ ಹಿಲ್ ಪೆಟ್ಟು ತಿಂದವು. ಇಡೀ ಕಾರ್ಯಾಚರಣೆಯಲ್ಲಿ ಬಳಸಿದ ಲೇಸರ್ ನಿರ್ದೇಶಿತ ಬಾಂಬುಗಳು ಬೆರಳೆಣಿಕೆಯಷ್ಟು.

ಇಲ್ಲಿ ಸಾರ್ಟಿಗೆ ಎಷ್ಟು ಬಂಕರ್ ನಾಶವಾಯಿತು ಎಂಬ ದಕ್ಷತೆಯ ಲೆಕ್ಕ ಚೆನ್ನಾಗಿ ಕಾಣಲಾರದು. ಶಿಖರಗಳಲ್ಲಿ ಅಡಗಿದ್ದ ಎದುರಾಳಿಗಳಿಗೆ ಅನ್ನ, ಮದ್ದುಗುಂಡು ತಲುಪದಂತಾದದ್ದರಿಂದ ಬೆಟ್ಟ ಹತ್ತುವ ನಮ್ಮ ಪದಾತಿಗಳಿಗೆ ಎಷ್ಟು ಸಹಾಯವಾಯಿತು ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಅದಕ್ಕೆ ಸಂಖ್ಯೆಯಲ್ಲಿ ಉತ್ತರ ಹೇಳುವುದು ಕಠಿಣ. ಹತ್ತಿದವರ ಬಲಿದಾನವನ್ನು ಕಿರಿದು ಮಾಡಿ ವಾಯುಪಡೆಗೆ ಶ್ರೇಯ ಕೊಡುವುದಾಗಲಿ, ಮಿರಾಜ್‌ಗಳ ಕೆಲಸವನ್ನು ಅಲ್ಲಗಳೆಯುವುದಾಗಲಿ ನ್ಯಾಯವಲ್ಲ.

ಪತ್ರಿಕೆಯಲ್ಲಿ ಬರುವ ಅಂಕಿಗಳನ್ನು ಓದುವಾಗ ಏನು ಗಮನಿಸಬೇಕು?

ಸಂಖ್ಯೆಯ ಜೊತೆ ಭಾಜಕ ಇದೆಯೇ ಎಂದು ಮೊದಲು ನೋಡಿ: ಹತ್ತು ವಿಮಾನಗಳ ನಷ್ಟ ನೂರು ಸಾರ್ಟಿಗಳಲ್ಲೋ ಹತ್ತು ಸಾವಿರದಲ್ಲೋ? ಅಂಕಿ ಕೊಟ್ಟವರು ದಾಳಿ ಮಾಡಿದವರೋ, ಛಾಯಾಚಿತ್ರ ಪರಿಶೀಲಿಸಿದವರೋ, ಸ್ಥಳಕ್ಕೆ ಹೋದವರೋ ಎಂಬುದನ್ನೂ ಗುರುತಿಸಿ. ಪೆಟ್ಟು ಬಿದ್ದದ್ದಕ್ಕೂ ನಾಶವಾದದ್ದಕ್ಕೂ, ನಾಶವಾದದ್ದಕ್ಕೂ ಮತ್ತೆ ಕಟ್ಟಲಾಗದ್ದಕ್ಕೂ ವ್ಯತ್ಯಾಸವಿದೆ. ರನ್‌ವೇಯ ಕುಳಿಯನ್ನು ಕೆಲವೇ ಗಂಟೆಗಳಲ್ಲಿ ಮುಚ್ಚಬಹುದು. ಮೊದಲ ವಾರದ ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡು ಐದು ವರ್ಷದ ನಂತರ ತಿದ್ದಿ ನೋಡುವ ಅಭ್ಯಾಸವನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸೂಚಿಸುತ್ತೇನೆ.

ಡ್ರೋನ್‌ಗಳ ಕಾಲದಲ್ಲಿ ಸಾರ್ಟಿಯ ಲೆಕ್ಕಕ್ಕೆ ಬೆಲೆಯಿದೆಯೇ?

ಹಳೆಯ ರೂಪದಲ್ಲಿ ಉಳಿಯಲಾರದು. ಗುರಿಗೆ ಅಪ್ಪಳಿಸಿ ತಾನೂ ನಾಶವಾಗುವ ಡ್ರೋನ್ ಮರಳಿ ಇಳಿಯುವುದೇ ಇಲ್ಲವಾದ್ದರಿಂದ, ಅದರ ನಷ್ಟದ ಪ್ರಮಾಣ ಶೇಕಡಾ ನೂರು ಎಂದು ಬರೆದರೆ ಅರ್ಥವಿಲ್ಲ. ಅದನ್ನು ಮದ್ದುಗುಂಡಿನ ಖರ್ಚಿಗೆ ಸೇರಿಸಬೇಕು. ಅಗ್ಗದ ಡ್ರೋನ್ ಒಂದನ್ನು ಉರುಳಿಸಲು ಎದುರಾಳಿ ಅದರ ಎಷ್ಟೋ ಪಟ್ಟು ಬೆಲೆಯ ಕ್ಷಿಪಣಿಯನ್ನು ಖರ್ಚು ಮಾಡಿದ್ದರೆ, ಗುರಿ ಮುಟ್ಟದ ಡ್ರೋನ್ ಕೂಡ ಕೆಲಸ ಮಾಡಿದಂತೆ. ಕಾವಲಿನ ಡ್ರೋನ್‌ಗಳದ್ದು ಬೇರೆ ಸಮಸ್ಯೆ. ಇಪ್ಪತ್ತು ಗಂಟೆಗೂ ಮಿಕ್ಕಿ ಆಕಾಶದಲ್ಲೇ ಇದ್ದು ಬರುವ ಅಂಥ ಒಂದು ಹಾರಾಟವೂ, ಅರ್ಧ ಗಂಟೆಯ ಯುದ್ಧವಿಮಾನದ ಹಾರಾಟವೂ ಸಾರ್ಟಿಯ ಪುಸ್ತಕದಲ್ಲಿ ಒಂದೊಂದೇ ಗೆರೆಯಾಗುತ್ತವೆ. ಆದ್ದರಿಂದ ಕಾವಲಿನ ಕೆಲಸಕ್ಕೆ ಗುರಿಯ ಪ್ರದೇಶದ ಮೇಲೆ ಕಳೆದ ಗಂಟೆಗಳನ್ನೂ, ದಾಳಿಯ ಕೆಲಸಕ್ಕೆ ಎರಡೂ ಕಡೆಯ ಖರ್ಚಿನ ಅನುಪಾತವನ್ನೂ ಸಾರ್ಟಿಯ ಪಕ್ಕದ ಕಲಮುಗಳಲ್ಲಿ ಬರೆಯಬೇಕಾಗುತ್ತದೆ.